ಚುಕ್ಕಿಯ ಬ್ಲಡ್ ರಿಪೋರ್ಟ್

ಆ ಮೇ ತಿಂಗಳು ಪಿಳ್ಳಮ್ಮನ ಅಂಗಳದಲ್ಲಿ ಉಳಿದಿದ್ದದ್ದು ಒಂದೇ ಹೇಂಟೆ. ಮಿಕ್ಕವೆಲ್ಲ ಯುಗಾದಿಯ ಮರುದಿನ, ಹೊಸತೊಡಕಿಗೆ, ಊರವರ ಪಾತ್ರೆ ಸೇರಿದ್ದವು. ಉಳಿದದ್ದು ಚುಕ್ಕಿ. ಅದು ಕಾವಿಗೆ ಕೂತಿದ್ದರಿಂದ ಬಚಾವಾಗಿತ್ತು. ಈಗ ಅದರ ಹಿಂದೆ ಒಂಬತ್ತು ಮರಿ ಓಡಾಡುತ್ತಿದ್ದವು.

ಹೊಸಕೋಟೆಯಿಂದ ಹನ್ನೊಂದು ಕಿಲೋಮೀಟರ್ ದೂರದ ಆ ಊರಲ್ಲಿ ಅಪ್ಪಟ ನಾಟಿ ಕೋಳಿ ಸಾಕುವವಳು ಪಿಳ್ಳಮ್ಮ ಒಬ್ಬಳೇ. ಅವಳ ಹಿತ್ತಲಿಗೆ ಹೊಂದಿಕೊಂಡಂತೆ ಮೈದುನ ಅಪ್ಪಯ್ಯಣ್ಣನ ಕೋಳಿ ಶೆಡ್ಡು, ಅದರಲ್ಲಿ ಎರಡು ಸಾವಿರ ಬಾಯ್ಲರ್. ಗಾಳಿ ಆ ಕಡೆಯಿಂದ ಬೀಸಿದಾಗಲೆಲ್ಲ ಪಿಳ್ಳಮ್ಮ ಸೆರಗನ್ನು ಮೂಗಿಗೆ ಹಿಡಿದು ಹೇಳುವುದು ಒಂದೇ ಮಾತು: "ನಾಟಿ ತಿಂದ್ರೆ ಮೈಗೆ ರಕ್ತ ಹಿಡಿಯುತ್ತೆ. ಬಾಯ್ಲರ್ ತಿಂದ್ರೆ ಬರೀ ನೀರು." ಈ ಮಾತಿಗೆ ಮೂವತ್ತು ವರ್ಷ ವಯಸ್ಸಾಗಿತ್ತು. ಅಪ್ಪಯ್ಯಣ್ಣನ ಮಗಳ ಮದುವೆಯ ಊಟದ ಪಂಕ್ತಿಯಲ್ಲೂ ಅವಳು ಅದನ್ನು ಬಿಟ್ಟಿರಲಿಲ್ಲ.

ಹಾಗಾಗಿ, ಪಶುವೈದ್ಯಕೀಯ ಓದುವ ದಿವ್ಯ ಎಂಬ ಹುಡುಗಿ ಸ್ಕೂಟರಿನಲ್ಲಿ ಬಂದು, ಬೇರೆ ಬೇರೆ ತಳಿಯ ಕೋಳಿಗಳ ರಕ್ತಕಣ ಹೋಲಿಸಿ ನೋಡುತ್ತಿದ್ದೇನೆ, ಒಂದೊಂದು ಮನೆಯಿಂದ ಒಂದೊಂದು ಕೋಳಿ ಸಾಕು ಎಂದಾಗ ಪಿಳ್ಳಮ್ಮನಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

"ಇವನ ಶೆಡ್ಡಿಂದೂ ತಗೋತೀಯೇನವ್ವಾ?"

"ಹೂಂ ಅಜ್ಜಿ, ಬ್ರಾಯ್ಲರ್‌ದೂ ಬೇಕು."

"ತಗೋ, ತಗೋ. ಗೊತ್ತಾಗ್ಲಿ ಎಲ್ರಿಗೂ."

ಚುಕ್ಕಿಯನ್ನು ಪಿಳ್ಳಮ್ಮನೇ ಮಡಿಲಲ್ಲಿ ಮಲಗಿಸಿಕೊಂಡಳು. ದಿವ್ಯ ರೆಕ್ಕೆ ಬಿಡಿಸಿ, ಒಳಗಿನ ನರಕ್ಕೆ ಸಣ್ಣ ಸೂಜಿ ಚುಚ್ಚಿ, ನೇರಳೆ ಮುಚ್ಚಳದ ಪುಟ್ಟ ಟ್ಯೂಬಿಗೆ ರಕ್ತ ಎಳೆದಳು. ವಯಸ್ಸು ಕೇಳಿದಾಗ ಪಿಳ್ಳಮ್ಮ, ಹೋದ ವರ್ಷ ಶಿವರಾತ್ರಿ ಕಳೆದ ವಾರಕ್ಕೆ ಮೊಟ್ಟೆ ಒಡೆದದ್ದು ಎಂದಳು. ದಿವ್ಯ ಬೆರಳು ಮಡಚಿ ಲೆಕ್ಕ ಹಾಕಿ, ಟ್ಯೂಬಿನ ಮೇಲೆ ಸಾಕಿದವರ ಹೆಸರು, ವಾರದ ಲೆಕ್ಕದಲ್ಲಿ ವಯಸ್ಸು, ಹೆಣ್ಣೋ ಗಂಡೋ ಎಂಬುದನ್ನು ಬರೆದಳು: ಪಿಳ್ಳಮ್ಮ, 62, ಹೆ. ಶೆಡ್ಡಿನ ಹುಂಜದ ಟ್ಯೂಬಿಗೆ: ಅಪ್ಪಯ್ಯಣ್ಣ, 6, ಗಂ. ಬಾಯ್ಲರ್ ಕೋಳಿ ಆರು ವಾರಕ್ಕಿಂತ ಹೆಚ್ಚು ಬದುಕುವುದು ಅಪರೂಪ.

ಅಪ್ಪಯ್ಯಣ್ಣ ನಂದಗುಡಿಗೆ ಮದುವೆಗೆ ಹೊರಟು ಹೋದ. ದಿವ್ಯಳ ಸ್ಕೂಟರಿನ ಹಿಂದಿನ ಚಕ್ರ ಪಂಕ್ಚರ್ ಆಗಿತ್ತು. ಬಿಸಿಲಲ್ಲಿ ರಕ್ತ ಕೆಡುತ್ತದೆ ಎಂದು ಅವಳು ಐಸ್ ಡಬ್ಬಿಯನ್ನು ಗೂಡ್ಸ್ ಆಟೊ ಗೋವಿಂದರಾಜು ಕೈಗೆ ಕೊಟ್ಟು, ಹೊಸಕೋಟೆಯ ಲ್ಯಾಬಿನಲ್ಲಿ ನನಗೆ ಪರಿಚಯದ ಇರ್ಫಾನ್ ಇದ್ದಾರೆ, ನಾನು ಬರುವವರೆಗೆ ಫ್ರಿಜ್ಜಿನಲ್ಲಿಡಲು ಹೇಳಿ ಎಂದಳು. ಡಬ್ಬಿಯಲ್ಲಿ ಏನಿದೆ ಎಂದು ಅವಳು ಹೇಳಲಿಲ್ಲ, ಅವನೂ ಕೇಳಲಿಲ್ಲ.

ಅವನು ಹೋದಾಗ ಇರ್ಫಾನ್ ನಮಾಜಿಗೆ ಹೋಗಿದ್ದರು. ಕೌಂಟರಿನಲ್ಲಿ ಕೆಲಸಕ್ಕೆ ಸೇರಿ ನಾಲ್ಕೇ ದಿನವಾದ ಯಶಸ್ವಿನಿ ಟ್ಯೂಬಿನ ಹೆಸರು ಓದಿ ಫೋನ್ ನಂಬರ್ ಕೇಳಿದಳು. ಗೋವಿಂದರಾಜು ತನ್ನ ಬಳಿ ಇದ್ದ ಪಿಳ್ಳಮ್ಮನ ಮಗನ ನಂಬರ್ ಕೊಟ್ಟ. ಅವಳು ಎರಡೂ ಟ್ಯೂಬನ್ನು ಮೆಷಿನ್ನಿಗೆ ಹಾಕಿದಳು.

ಮಧ್ಯಾಹ್ನ ಮೂರಕ್ಕೆ ಪಿಳ್ಳಮ್ಮ ಮಾವಿನಕಾಯಿ ಹೆಚ್ಚುತ್ತಿದ್ದಳು. ಪಿಲ್ಲಗುಂಪೆಯ ಕಾರ್ಖಾನೆಯಲ್ಲಿ ಇರಬೇಕಾದ ಮಗ ಕೆಂಪರಾಜು ಅಂಗಳದಲ್ಲಿ ಬೈಕ್ ಕೆಡವಿ, ಹೆಲ್ಮೆಟ್ ಕೂಡ ತೆಗೆಯದೆ ಅವಳ ಮುಂದೆ ಕೂತ.

"ಅಮ್ಮಾ, ನಂಗ್ಯಾಕಮ್ಮಾ ಹೇಳ್ಲಿಲ್ಲ?"

"ಏನ್ಲಾ ಹೇಳೋದು?"

ಅವನು ಫೋನಿಗೆ ಬಂದಿದ್ದ ಲ್ಯಾಬ್ ರಿಪೋರ್ಟ್ ತೋರಿಸಿದ. ಬಿಳಿ ರಕ್ತಕಣ ಹನ್ನೊಂದು ಸಾವಿರದ ಒಳಗಿರಬೇಕಾದ್ದು ಎರಡು ಲಕ್ಷ ನಲವತ್ತು ಸಾವಿರ ಇದೆ, ಕಾರ್ಖಾನೆಯ ನರ್ಸಮ್ಮನಿಗೆ ತೋರಿಸಿದರೆ ಅವಳು ತನಗೆ ಕುರ್ಚಿ ಹಾಕಿ ಕೂರಿಸಿ ನೀರು ಕೊಟ್ಟಳು ಎಂದ. ಪಿಳ್ಳಮ್ಮ ಕಣ್ಣು ಕಿರಿದಾಗಿಸಿ ನೋಡಿದಳು.

"ಅರವತ್ತೆರಡು ಅಂತ ಯಾವೋನ್ಲಾ ಬರ್ದೋನು? ನಂಗೆ ಐವತ್ತೊಂಬತ್ತು. ಆಧಾರ್ ಕಾರ್ಡಲ್ಲಿ ಐತೆ."

"ಅಮ್ಮಾ! ಬ್ಲಡ್ ವಿಷ್ಯ ಮಾತಾಡ್ತಿದ್ದೀನಿ!"

"ನನ್ ರಕ್ತ ಯಾರೂ ತಗೊಂಡಿಲ್ಲ ಕಣಪ್ಪಾ. ಚುಕ್ಕೀದು ತಗೊಂಡ್ರು."

ಕೆಂಪರಾಜು ನಿಧಾನವಾಗಿ ಹೆಲ್ಮೆಟ್ ತೆಗೆದ. ತಾಯಿಯನ್ನು ನೋಡಿದ, ಅಂಗಳ ಕೆದಕುತ್ತಿದ್ದ ಕೋಳಿಯನ್ನು ನೋಡಿದ.

"ಕೋಳಿಗೆ ಬ್ಲಡ್ ಟೆಸ್ಟಾ ಅಮ್ಮಾ?"

"ಹೂಂ ಕಣ್ಲಾ. ಒಂದು ಹುಡ್ಗಿ ಸ್ಕೂಟರಲ್ಲಿ ಬಂದಿತ್ತು. ಇದ್ರದ್ದೂ ತಗೊಂತು, ನಿನ್ ಚಿಕ್ಕಪ್ಪನ ಬಾಯ್ಲರ್ದೂ ತಗೊಂತು. ಯಾವುದ್ರಲ್ಲಿ ರಕ್ತ ಜಾಸ್ತಿ ಅಂತ ನೋಡಕ್ಕೆ."

ರೋಗ ಆಗಲೇ ತಲೆಗೇರಿದೆ ಎಂದು ಕೆಂಪರಾಜುಗೆ ಖಾತರಿಯಾಯಿತು. ಅವಳು ವಿವರಿಸಿದಷ್ಟೂ ಅವನ ಕಣ್ಣುಗಳು ತುಂಬಿಕೊಂಡವು. ಚಿಕ್ಕಪ್ಪನಿಗೆ ಫೋನ್ ಮಾಡಿದ. ಮದುವೆ ವಾದ್ಯದ ಸದ್ದಿನ ಆಚೆ ಆ ಪುಣ್ಯಾತ್ಮನಿಗೆ ಏನೂ ಕೇಳಿಸಲಿಲ್ಲ. ಕೊನೆಗೆ ಕೆಂಪರಾಜು ಬೈಕ್ ಎತ್ತಿ ನಿಲ್ಲಿಸಿ, ಲ್ಯಾಬಿಗೆ ಹೋಗೋಣ ಬಾ ಎಂದ. ಪಿಳ್ಳಮ್ಮ ಹತ್ತಿದಳು. ಅವಳ ತಲೆಯಲ್ಲಿದ್ದದ್ದು ಬೇರೆಯೇ: ಎರಡು ಲಕ್ಷ ನಲವತ್ತು ಸಾವಿರ ಚುಕ್ಕಿಯದೇ ಆಗಿದ್ದರೆ ಚುಕ್ಕಿಗೆ ಏನೋ ಬಂದಿದೆ. ಒಂಬತ್ತು ಮರಿಗಳ ಗತಿ?

ಲ್ಯಾಬಿನಲ್ಲಿ ಇರ್ಫಾನ್ ಎರಡು ರಿಪೋರ್ಟನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತಿದ್ದರು. ಅವರ ಅನುಮಾನ ಶುರುವಾದದ್ದು ಎರಡನೆಯದರಿಂದ.

"ಬನ್ನಿ ಕೂತ್ಕೊಳಿ. ಒಂದ್ ವಿಷ್ಯ ಹೇಳಿ," ಎಂದರು. "ನಿಮ್ಮೂರಲ್ಲಿ ಆರು ವರ್ಷದ ಹುಡುಗನಿಗೆ ಈ ಕಾಲದಲ್ಲಿ ಯಾರಾದ್ರೂ ಅಪ್ಪಯ್ಯಣ್ಣ ಅಂತ ಹೆಸರಿಡ್ತಾರಾ?"

"ಅದು ನಮ್ ಚಿಕ್ಕಪ್ಪ," ಎಂದ ಕೆಂಪರಾಜು. "ಮೊಮ್ಮಕ್ಕಳಿದ್ದಾರೆ."

"ಅದೇ ನಾನೂ ಅಂದ್ಕೊಂಡೆ." ಇರ್ಫಾನ್ ಅವನನ್ನು ಮೈಕ್ರೋಸ್ಕೋಪಿನ ಬಳಿ ಕರೆದರು. "ಇಲ್ಲಿ ನೋಡಿ. ನಮ್ಮ ಕೆಂಪು ಕಣ ದುಂಡಗಿರುತ್ತೆ, ನಡುವೆ ಖಾಲಿ. ಇವು ಮೊಟ್ಟೆ ಥರ ಉದ್ದ, ನಡುವೆ ಕಪ್ಪು ಬೀಜ. ಆ ಬೀಜ ನೋಡಿ ಮೆಷಿನ್ನು ಇವನ್ನೂ ಬಿಳಿ ಕಣ ಅಂತ ಎಣಿಸ್ಬಿಟ್ಟಿದೆ. ಇದು ಮನುಷ್ಯರ ರಕ್ತವೇ ಅಲ್ಲ ಸ್ವಾಮಿ. ಹಕ್ಕಿದು."

"ನಾನ್ ಹೇಳ್ಲಿಲ್ವೇನ್ಲಾ?" ಪಿಳ್ಳಮ್ಮ ಹಿಂದಿನಿಂದ ಮಗನ ಬೆನ್ನಿಗೆ ಗುದ್ದಿದಳು. "ಚುಕ್ಕಿಗೇನೂ ಆಗಿಲ್ಲ ತಾನೆ?"

ಏನೂ ಆಗಿಲ್ಲ ಎಂದು ಹೇಳಿದವಳು ಆಗ ತಾನೇ ಒಳಗೆ ಬಂದ ದಿವ್ಯ. ಇಂಥ ಮೆಷಿನ್ನು ಕೋಳಿಗೆ ಆಗುವುದಿಲ್ಲವೆಂದೇ ತಾನು ಕಣಗಳನ್ನು ಕೈಯಿಂದ ಎಣಿಸುವುದು ಎಂದು ಅವಳು ಮೂರು ಸಲ ಕ್ಷಮೆ ಕೇಳಿದಳು. ಯಶಸ್ವಿನಿ ಕಂಪ್ಯೂಟರಿನ ಹಿಂದೆ ಆದಷ್ಟು ಸಣ್ಣಗಾಗಿ ಕೂತಿದ್ದಳು.

ಅಲ್ಲಿಗೆ ಎದ್ದು ಮನೆಗೆ ಬಂದಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಇರ್ಫಾನ್, ಇಷ್ಟು ದೂರ ಬಂದಿದ್ದೀರಿ, ನಿಮ್ಮದೂ ಒಂದು ನೋಡಿಬಿಡೋಣ ಎಂದು ಪಿಳ್ಳಮ್ಮನ ತೋಳಿಗೆ ರಬ್ಬರ್ ಕಟ್ಟಿದರು. ಅವಳ ಹಿಮೋಗ್ಲೋಬಿನ್ ಹನ್ನೆರಡು ಇರಬೇಕಾದ್ದು ಎಂಟು ಪಾಯಿಂಟ್ ಆರು ಬಂತು. ದಿವ್ಯ ಮರುದಿನ ಕಾಲೇಜಿನಲ್ಲಿ ನೋಡಿದಾಗ ಚುಕ್ಕಿಗೆ ಒಂಬತ್ತು ಪಾಯಿಂಟ್ ನಾಲ್ಕು. ರಿಪೋರ್ಟ್ ತೋರಿಸಿದಾಗ ಡಾಕ್ಟರು ಪಿಳ್ಳಮ್ಮನಿಗೆ ಕಬ್ಬಿಣದ ಮಾತ್ರೆ ಬರೆದು, ಸೊಪ್ಪು, ಮಾಂಸ, ಲಿವರ್ ಚೆನ್ನಾಗಿ ತಿನ್ನಿ ಎಂದರು.

ಭಾನುವಾರ ಬೆಳಿಗ್ಗೆ ಕೆಂಪರಾಜು ಕತ್ತಿ ಮಸೆಯುತ್ತಿದ್ದ. ಅಪ್ಪಯ್ಯಣ್ಣ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ.

"ಕೋಳಿಗಿಂತ ರಕ್ತ ಕಮ್ಮಿಯಂತಲ್ಲ ಅತ್ಗೆ ನಿಮಗೆ," ಎಂದ.

"ಮುಚ್ಕೊಂಡ್ ಕೂತ್ಕೊಳಪ್ಪಾ."

"ಅಮ್ಮಾ, ಚುಕ್ಕೀನ ಹಿಡ್ಕೊಡು," ಎಂದ ಕೆಂಪರಾಜು.

"ಮರಿಗಳು ಇನ್ನೂ ಚಿಕ್ಕವು ಕಣೋ. ಪೇಟೆಗೆ ಹೋಗಿ ಏನಾರಾ ತಾ."

"ಪೇಟೇಲಿ ಸಿಗೋದು ಬಾಯ್ಲರ್. ಅದು ತಿಂದ್ರೆ ಬರೀ ನೀರು ಅಂತ ಹೇಳೋಳು ನೀನೇ ಅಲ್ವಾ? ಡಾಕ್ಟ್ರು ಹೇಳಿರೋದು ರಕ್ತಕ್ಕೆ. ಚುಕ್ಕಿ ಹೋದ್ರೆ ಇನ್ನೊಂದು ಕೋಳಿ. ನೀನು ಹೋದ್ರೆ?"

ತನ್ನ ಮಾತು ಹೀಗೆ ತನ್ನ ಅಂಗಳಕ್ಕೇ ಕತ್ತಿ ಹಿಡಿದು ಬರುತ್ತದೆಂದು ಪಿಳ್ಳಮ್ಮ ಎಣಿಸಿರಲಿಲ್ಲ. ಚುಕ್ಕಿ ಕೊರ್‌ಕೊರ್ ಎಂದು ಮರಿಗಳನ್ನು ಕರೆದು ಒಂದು ಗೆದ್ದಲು ಹುಳ ತೋರಿಸಿತು.

ಆ ಹೊತ್ತಿಗೆ ಸ್ಕೂಟರಿನ ಸದ್ದಾಯಿತು. ಆದ ತಪ್ಪಿಗೆ ದಿವ್ಯ ಒಂದು ಡಜನ್ ಬಾಳೆಹಣ್ಣು ತಂದಿದ್ದಳು. ಪಿಳ್ಳಮ್ಮ ಹಣ್ಣು ತೆಗೆದುಕೊಳ್ಳುವ ಮೊದಲೇ ಕೇಳಿದಳು:

"ತಾಯಿ, ನಿಜ ಹೇಳ್ಬಿಡು. ನಾಟೀದು, ಬಾಯ್ಲರ್ದು, ಯಾವುದ್ರ ರಕ್ತ ಮೇಲು?"

ದಿವ್ಯ ಪುಸ್ತಕ ತೆರೆದಳು. "ಇಲ್ಲೀವರೆಗೆ ತಳಿಗೆ ಹತ್ತರ ಹಾಗೆ ನೋಡಿದ್ದೀನಿ ಅಜ್ಜಿ. ಸ್ವಲ್ಪ ಹೆಚ್ಚು ಕಮ್ಮಿ ಇದೆ. ಆದ್ರೆ ವಯಸ್ಸು ಬೇರೆ, ಮೇವು ಬೇರೆ. ಇಷ್ಟರಲ್ಲಿ ಇದು ಮೇಲು, ಅದು ಕೀಳು ಅಂತ ಹೇಳೋಕಾಗಲ್ಲ."

"ನಾಟಿ ತಿಂದ್ರೇನೇ ರಕ್ತ ಹಿಡಿಯುತ್ತೆ ಅಂತ ಅದ್ರಲ್ಲಿ ಬರ್ದಿದ್ಯಾ?"

"ಇಲ್ಲ ಅಜ್ಜಿ. ಕೋಳಿ ಮೈಯಲ್ಲಿ ಎಷ್ಟು ರಕ್ತಕಣ ಇದೆ ಅನ್ನೋದಕ್ಕೂ ತಿಂದೋರ ರಕ್ತಕ್ಕೂ ಸಂಬಂಧ ಇಲ್ಲ."

ಮೂವತ್ತು ವರ್ಷದಲ್ಲಿ ಮೊದಲ ಸಲ ಅಪ್ಪಯ್ಯಣ್ಣ ಕಟ್ಟೆಯಿಂದ ಕೆಳಗಿಳಿದು ನೆಟ್ಟಗೆ ನಿಂತ. ಪಿಳ್ಳಮ್ಮ ಅವನ ಕಡೆ ನೋಡದೆ, ಶೆಡ್ಡಿನ ತಗಡಿನ ಕಡೆ ನೋಡಿಕೊಂಡು ಹೇಳಿದಳು:

"ಎಲ್ಲಾ ಒಂದೇ ಅಂತಪ್ಪ. ಹೋಗಿ ನಿನ್ ಶೆಡ್ಡಿಂದ ಒಂದು ಹಿಡ್ಕೊಂಬಾ."

"ಏನಂದ್ರಿ ಅತ್ಗೆ? ಈ ಕಿವಿ ಸರಿಯಾಗಿ ಕೇಳಲ್ಲ."

"ಬಾಯ್ಲರ್ ತಿಂದ್ರೂ ರಕ್ತ ಆಗುತ್ತೆ ಅಂದೆ!"

"ಆ ಮನೆಯೋರಿಗೂ ಕೇಳೋ ಹಂಗೆ..."

"ಲೇ ಅಪ್ಪಯ್ಯಣ್ಣ!"

ಅವನು ಹೋಗಿ ಎರಡು ಹಿಡಿದು ತಂದ. ಸಾರು ಮಾಡಿದವಳು ಪಿಳ್ಳಮ್ಮನೇ. ಮೊದಲ ತುತ್ತು ಬಾಯಿಗಿಟ್ಟು, ಬಹಳ ಹೊತ್ತು ಅಗಿದು, ಎಲ್ಲರೂ ನೋಡುತ್ತಿದ್ದಾರೆಂದು ಗೊತ್ತಾದ ಮೇಲೆ ದಿವ್ಯಳನ್ನು ಕೇಳಿದಳು, "ರುಚಿ ನೋಡಕ್ಕೆ ಏನಾರಾ ಮೆಷಿನ್ನು ಐತಾ?"

"ಇಲ್ಲ ಅಜ್ಜಿ."

"ಸರಿ ಬಿಡು, ಅದೊಂದಾರಾ ಉಳೀತು," ಎಂದು ಇನ್ನೊಂದು ಮುದ್ದೆ ಹಾಕಿಸಿಕೊಂಡಳು.

ತಿಂಗಳ ಕೊನೆಗೆ ಇರ್ಫಾನ್ ಮತ್ತೆ ನೋಡಿದಾಗ ಅವಳ ಹಿಮೋಗ್ಲೋಬಿನ್ ಹತ್ತು ಪಾಯಿಂಟ್ ಒಂದಕ್ಕೆ ಏರಿತ್ತು. ಅಪ್ಪಯ್ಯಣ್ಣ ಶೆಡ್ಡಿನ ಗೋಡೆಯ ಮೇಲೆ, ರಸ್ತೆಗೆ ಕಾಣುವಂತೆ, ಸುಣ್ಣದಲ್ಲಿ ದೊಡ್ಡದಾಗಿ 10.1 ಎಂದು ಬರೆಸಿದ. ಆಕೆ ದಿನಕ್ಕೊಂದರಂತೆ ನುಂಗಿದ ಕಬ್ಬಿಣದ ಮಾತ್ರೆಯ ವಿಷಯ ಅವನು ಬರೆಸಲಿಲ್ಲ. ಪಿಳ್ಳಮ್ಮನಿಗೆ ಅದು ಗೊತ್ತಿತ್ತು, ಹೇಳಬಹುದಿತ್ತು. ಆದರೆ ಅದೇ ಗೋಡೆಯ ನೆರಳಲ್ಲಿ ಚುಕ್ಕಿ ಒಂಬತ್ತು ಮರಿಗಳಿಗೆ ಮಣ್ಣು ಕೆದಕುವುದನ್ನು ಕಲಿಸುತ್ತಿತ್ತು. ಅವಳು ಆ ಮಾತು ಬಿಟ್ಟು, ಮರಿಗಳಿಗೆ ಒಂದು ಹಿಡಿ ನುಚ್ಚು ಎರಚಿದಳು.