ಇದ್ದಿಲ ಡಬ್ಬಿ

ಯಾರೆಟ್ಸಿ ಎರಡನೆಯ ಸಲ ವಾಂತಿ ಮಾಡಿಕೊಂಡದ್ದು ರಸ್ತೆ ಬದಿಯ ಕಣಗಿಲೆ ಗಿಡದ ಬುಡದಲ್ಲಿ. ಅವಳ ತಾಯಿ ಗ್ರಿಸೆಲ್ಡ ಒಂದು ಕೈಯಲ್ಲಿ ಮಗಳ ಕೂದಲನ್ನು ಹಿಂದಕ್ಕೆ ಹಿಡಿದುಕೊಂಡು, ಇನ್ನೊಂದು ಕೈಯನ್ನು ತನ್ನಪ್ಪನ ಕಾರಿನ ಕಡೆ ಚಾಚಿದಳು.

"ಶನಿವಾರ ಇವಳು ಈ ಕಾರಲ್ಲಿ ಕೂರಲ್ಲ ಅಪ್ಪ. ಬಿಳಿ ಗೌನು ಹಾಕ್ಕೊಂಡು ಪೆಟ್ರೋಲ್ ವಾಸನೆ ಹೊಡೀತಾ ಚರ್ಚಿಗೆ ಹೋಗ್ತಾಳಾ? ಬಾಡಿಗೆ ಕಾರು ಹೇಳ್ತೀನಿ."

ಅವಳಪ್ಪ ಎಲಾಡಿಯೊ ಕಾರಿನ ಗಾಜುಗಳನ್ನೆಲ್ಲ ಇಳಿಸಿದ. ಎಪ್ಪತ್ತೇಳನೇ ಇಸವಿಯ ಮಾಂಟೆ ಕಾರ್ಲೊ ಕಾರು ಅದು. ಕುಂಕುಮದ ಬಣ್ಣ, ನೆಲಕ್ಕೆ ತಾಗುವಷ್ಟು ತಗ್ಗು. ನಲವತ್ತು ವರ್ಷ ಫ್ರೆಸ್ನೊ ನಗರದಲ್ಲಿ ಕಂಡವರ ಕಾರಿನ ಸೀಟು ಹೊಲಿದವನು, ಇದರ ಸೀಟನ್ನು ತನಗಾಗಿ ಹೊಲಿದಿದ್ದ. ಅವರಲ್ಲಿ ಹುಡುಗಿಗೆ ಹದಿನೈದು ತುಂಬಿದಾಗ ಚರ್ಚಿನಲ್ಲಿ ಹಬ್ಬ ಮಾಡುತ್ತಾರೆ; ಗ್ರಿಸೆಲ್ಡಳ ಆ ಹಬ್ಬಕ್ಕೆ ಅಂಗಡಿಯವರು ಇವನಿಗೆ ರಜೆ ಕೊಡದೆ, ಹುಡುಗಿ ಯಾರದೋ ತರಕಾರಿ ಗಾಡಿಯಲ್ಲಿ ಚರ್ಚಿಗೆ ಹೋಗಿದ್ದಳು. ಮೊಮ್ಮಗಳನ್ನಾದರೂ ಅವಳ ಹದಿನೈದರ ಹಬ್ಬಕ್ಕೆ ತಾನೇ ಕೂರಿಸಿಕೊಂಡು ಹೋಗಬೇಕು ಎಂಬುದು ಅವನ ಮೂರು ವರ್ಷದ ಹಟ.

ಮಾರ್ಚಿನಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರನ್ನು ಹೊಸದು ಹಾಕಿದ್ದ. ಹಳೆಯದರ ಜೊತೆಗೆ ಬಂದ ಕೊಳವೆಗಳಲ್ಲಿ ಎರಡು ಬೇಡವಾಗಿ ಉಳಿದಿದ್ದವು. ಅವಕ್ಕೆ ಹಳೆ ಕಾರುಗಳ ಕ್ಲಬ್ಬಿನವರೆಲ್ಲ ಮಾಡುವುದನ್ನೇ ಇವನೂ ಮಾಡಿದ. ಗಾಲ್ಫಿನ ಚೆಂಡು ನಿಲ್ಲಿಸುವ ಮರದ ಮೊಳೆಯನ್ನು ಕೊಳವೆಯ ಬಾಯಿಗೆ ತುರುಕಿ ಕೈತೊಳೆದುಕೊಂಡ. ಹುಟ್ಟಿದಂದಿನಿಂದ ಗಾಲ್ಫ್ ಕೋಲು ಮುಟ್ಟದ ಗಂಡಸರ ರಿಪೇರಿ ಪೆಟ್ಟಿಗೆಯಲ್ಲೆಲ್ಲ ಆ ಮೊಳೆ ಹಿಡಿಗಟ್ಟಲೆ ಇರುತ್ತದೆ.

ಮಂಗಳವಾರ ಬೆಳಿಗ್ಗೆ ಟ್ಯಾಂಕಿನ ಮುಚ್ಚಳ ತಿರುವಿದ. ಬುಸ್ಸೆಂದು ಆವಿ ಮುಖಕ್ಕೆ ಹೊಡೆಯಿತು. ಮೊಳೆ ಜಡಿದ ಕೊಳವೆಯನ್ನು ಬೆರಳಲ್ಲೇ ಹಿಂಬಾಲಿಸಿಕೊಂಡು ಬಂದಾಗ ಸಂಗತಿ ಹೊಳೆಯಿತು. ಟ್ಯಾಂಕಿನ ಆವಿ, ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲಿನ ಆವಿ, ಎರಡೂ ಮೊದಲು ಒಂದು ಇದ್ದಿಲ ಡಬ್ಬಿಗೆ ಹೋಗಿ ಅಲ್ಲಿ ತಂಗುತ್ತಿದ್ದವು. ಗಾಡಿ ಓಡುವಾಗ ಎಂಜಿನ್ನು ಅದನ್ನು ಎಳೆದುಕೊಂಡು ಸುಟ್ಟುಬಿಡುತ್ತಿತ್ತು. ದಾರಿ ಕಟ್ಟಿದ ಮೇಲೆ ಅದು ಸಿಕ್ಕ ಸಂದಿಯಲ್ಲೆಲ್ಲ ನುಸುಳಿ, ಇವನು ಹೊಲಿದ ಸೀಟಿನ ಉಣ್ಣೆಯಲ್ಲಿ ಸೇರಿಕೊಂಡಿತ್ತು. ಮೊಮ್ಮಗಳಿಗೆ ವಿಷ ಕುಡಿಸಿದವನು ತಾನೇ ಎಂದು ಅವನಿಗೆ ನಾಚಿಕೆಯಾಯಿತು.

ಇದ್ದಿಲ ಡಬ್ಬಿ ಇದ್ದದ್ದು ಇಡೀ ಕ್ಲಬ್ಬಿಗೆ ಒಂದು. ಉಳಿದವರು ತಮ್ಮದನ್ನು ಎಂದೋ ಕಿತ್ತೆಸೆದಿದ್ದರು, ಇವನದೂ ಮಾರ್ಚಿನಲ್ಲಿ ಗುಜರಿಗೆ ಹೋಗಿತ್ತು. ಎರಡು ವರ್ಷಕ್ಕೊಮ್ಮೆ ಸರ್ಕಾರದ ಹೊಗೆ ತಪಾಸಣೆ ಬಂದಾಗ ಒಬ್ಬ ಅದನ್ನು ಕಾರಿಗೆ ಕಟ್ಟಿ ಪಾಸಾಗುವುದು, ಮರುದಿನ ಬಿಚ್ಚಿ ಇನ್ನೊಬ್ಬನಿಗೆ ಕೊಡುವುದು. ಮದುವೆಗೆ ಎರವಲು ತಂದ ಒಡವೆಯ ಹಾಗೆ ಅದು ಮನೆಮನೆ ತಿರುಗುತ್ತಿತ್ತು. ಸದ್ಯ ಕ್ಲಬ್ಬಿನ ಹಿರಿಯ ಬೇತೊನ ಗ್ಯಾರೇಜಿನಲ್ಲಿತ್ತು. ಬೇತೊ ಅದನ್ನು ಅಟ್ಟದಿಂದ ಇಳಿಸಿಕೊಡುತ್ತಾ, ಮುಂದಿನ ವಾರ ಇಬ್ಬರ ತಪಾಸಣೆ ಇದೆ, ಸೋಮವಾರ ತಂದುಕೊಡು ಎಂದ.

"ತಂದ್ಕೊಡಲ್ಲ," ಎಂದ ಎಲಾಡಿಯೊ. "ಇದು ಇನ್ಮೇಲೆ ನನ್ನ ಕಾರಲ್ಲೇ ಇರುತ್ತೆ."

"ಏನಯ್ಯ, ವಯಸ್ಸಾದ ಮೇಲೆ ಸರ್ಕಾರದವನಾಗ್ಬಿಟ್ಯಾ? ಅದು ಕ್ಲಬ್ಬಿಂದು."

"ಕ್ಲಬ್ಬಿಗೆ ಇನ್ನೊಂದು ಹುಡುಕ್ಕೋ. ನಂಗಿರೋದು ಒಬ್ಳೇ ಮೊಮ್ಮಗಳು."

ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ನಡೆದೇಬಿಟ್ಟ. ಬೇತೊ ಹಿಂದಿನಿಂದ ಏನೋ ಗೊಣಗಿದ, ತಡೆಯಲಿಲ್ಲ.

ಡಬ್ಬಿಯ ತಳದ ಜಾಲರಿ ಪುಡಿಪುಡಿಯಾಗಿತ್ತು. ಸೀಟಿಗೆ ತುಂಬುವ ಸ್ಪಂಜನ್ನೇ ದುಂಡಗೆ ಕತ್ತರಿಸಿ ಕೂರಿಸಿದ. ಟ್ಯಾಂಕಿನಿಂದ ಒಂದು, ಕಾರ್ಬುರೇಟರಿನ ಬಟ್ಟಲಿನಿಂದ ಒಂದು, ಹೊಸ ಪೆಟ್ರೋಲ್ ಕೊಳವೆ ತಂದು ಡಬ್ಬಿಗೆ ಕೂಡಿಸಿದ. ಮೂರನೆಯದು ಡಬ್ಬಿಯಿಂದ ಎಂಜಿನ್ನಿಗೆ. ಕಾರ್ಬುರೇಟರಿನ ಮುಂದೆ ಅವಳಿಗಳಂತೆ ಎರಡು ತೂತು. ಹತ್ತಿರ ಸಿಕ್ಕಿದ್ದಕ್ಕೆ ಸಿಕ್ಕಿಸಿದ. ಗಾಡಿ ಮೊದಲ ಸಿಗ್ನಲ್ಲಿಗೇ ಕೆಮ್ಮಿ ನಿಂತುಹೋಯಿತು. ಹಿಂದಿನವರೆಲ್ಲ ಹಾರ್ನ್ ಹೊಡೆಯುತ್ತಿರಲು ಎಪ್ಪತ್ತರ ಮುದುಕ ಕಾರನ್ನು ಒಬ್ಬನೇ ಬದಿಗೆ ತಳ್ಳಿದ.

ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಮರುದಿನ ಎಂಜಿನ್ ಚಾಲೂ ಇಟ್ಟು ಎರಡೂ ತೂತಿಗೆ ಒಂದೊಂದಾಗಿ ಬೆರಳಿಟ್ಟು ನೋಡಿದ. ಒಂದು ಸುಮ್ಮನೆ ನಿಂತಾಗಲೂ ಬೆರಳನ್ನು ಜಗ್ಗುತ್ತಿತ್ತು. ಇನ್ನೊಂದು ತೆಪ್ಪಗಿತ್ತು, ವೇಗ ಕೊಟ್ಟಾಗ ಮಾತ್ರ ಎಳೆಯಿತು. ನಿಂತಾಗ ಆವಿ ಡಬ್ಬಿಯಲ್ಲೇ ಇರಬೇಕು, ಓಡುವಾಗ ಎಂಜಿನ್ನಿಗೆ ಹೋಗಬೇಕು. ಸರಿಯಾದದ್ದು ಈ ಎರಡನೆಯದೇ. ಕೊಳವೆ ಬದಲಿಸಿದ. ಸೀಟುಗಳನ್ನೆಲ್ಲ ಕಿತ್ತು ಎರಡು ದಿನ ಬಿಸಿಲಿಗಿಟ್ಟ.

ಶುಕ್ರವಾರ ಬೆಳಿಗ್ಗೆ ಗ್ರಿಸೆಲ್ಡ ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ನೇರ ಬಂದಳು. ಅಪ್ಪ ವಿವರಿಸಲು ಹೊರಟರೆ ಕೇಳಿಸಿಕೊಳ್ಳಲಿಲ್ಲ. ಹೆದ್ದಾರಿಯಲ್ಲಿ ಕಾರನ್ನು ಚೆನ್ನಾಗಿ ಕಾಯಿಸಿಕೊಂಡು ಬಂದು ಗ್ಯಾರೇಜಿನೊಳಗೆ ನಿಲ್ಲಿಸು ಎಂದಳು. ಎಂಜಿನ್ ಆರಿಸಿದ ಮೇಲೆ ತಾನೇ ಹಿಂದಿನ ಸೀಟಿನಲ್ಲಿ ಕುಳಿತು ಗಾಜು ಏರಿಸಿದಳು.

"ಬಾಗಿಲು ಹಾಕು. ಅರ್ಧ ಗಂಟೆ ಕೂತಿರ್ತೀನಿ. ಒಂಚೂರು ವಾಸನೆ ಬಂದ್ರೂ ಬಾಡಿಗೆ ಕಾರಿನವನಿಗೆ ಫೋನು."

ಎಲಾಡಿಯೊ ಗ್ಯಾರೇಜಿನ ಬಾಗಿಲೆಳೆದು ಹೊರಗೆ ಬಕೆಟ್ ಬೋರಲು ಹಾಕಿ ಕುಳಿತ. ಬಿಸಿಯಾದ ಎಂಜಿನ್ನಿನ ಆವಿ ಏಳುವ ಹೊತ್ತು ಇದೇ ಎಂದು ಅವನಿಗೆ ಗೊತ್ತಿತ್ತು. ಹತ್ತು ನಿಮಿಷಕ್ಕೇ ಅವಳು ಬೈದುಕೊಂಡು ಹೊರಬರುತ್ತಾಳೆ ಎಂದು ಕಾದ. ಬರಲಿಲ್ಲ. ಅರ್ಧ ಗಂಟೆ ಕಳೆಯಿತು, ಮುಕ್ಕಾಲಾಯಿತು. ಕೂಗಿದ. ಮತ್ತೆ ಕೂಗಿದ. ಬಾಗಿಲು ಎತ್ತಿ ಒಳಗೆ ನುಗ್ಗಿ ಕಾರಿನ ಬಾಗಿಲು ಸೆಳೆದ.

ಗ್ರಿಸೆಲ್ಡ ಚಪ್ಪಲಿ ಕಳಚಿ, ಮೊಣಕಾಲು ಹೊಟ್ಟೆಗೆ ಮಡಚಿಕೊಂಡು, ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಅವನು ತಲೆ ಒಳಗಿಟ್ಟು ಉಸಿರೆಳೆದುಕೊಂಡ. ಬಿಸಿಲಿಗೆ ಕಾದ ಉಣ್ಣೆ, ಆಸ್ಪತ್ರೆಯ ಸೋಪು. ಮತ್ತೇನೂ ಇಲ್ಲ.

ಬಾಗಿಲು ತೆರೆದೊಡನೆ ಹತ್ತಿದ ಒಳಗಿನ ದೀಪ ಅವಳ ಮುಖಕ್ಕೆ ಬೀಳುತ್ತಿತ್ತು. ಆ ಭಾರದ ಬಾಗಿಲು ಹಾಕಿದರೆ ಸದ್ದಿಗೆ ಎಚ್ಚರವಾಗುತ್ತಾಳೆ. ಎಲಾಡಿಯೊ ನೆಲದ ಮೇಲೆ ಕುಳಿತು, ಬಾಗಿಲು ಮುಚ್ಚಿದಾಗ ತಾನೇ ಒತ್ತಿಕೊಳ್ಳುವ ಚೌಕಟ್ಟಿನ ಪುಟ್ಟ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿದ. ದೀಪ ಆರಿತು. ಅವನು ಹೆಬ್ಬೆರಳು ತೆಗೆಯದೆ ಹಾಗೇ ಕುಳಿತ.