ಮುಷ್ಟಿ ಬಿಚ್ಚದ ಒಜೆಲ್ಲಾ

"ಮತ್ತೆ ಉಚ್ಚೇನಾ? ನಿನ್ ಹೊಟ್ಟೆವೊಳಗೆ ಹೊಳೆ ಹರೀತಾ ಅದಾ ಮುದ್ಕಿ?"

ಮೇಸ್ತ್ರಿ ಗ್ಯಾರೆಟ್‌ನ ಕೂಗು ಯಂತ್ರಗಳ ಗದ್ದಲವನ್ನೂ ಮೀರಿ ಕೇಳಿಸಿತು. ಸಾಲಿನಲ್ಲಿ ನಿಂತಿದ್ದ ಕೆಲವರು ನಕ್ಕರು. ನಗದಿದ್ದರೆ ಅವನ ಕಣ್ಣು ತಮ್ಮ ಮೇಲೆ ಬೀಳುತ್ತದೆಂದು ನಕ್ಕವರು ಅವರು. ಒಜೆಲ್ಲಾ ತಲೆ ಎತ್ತಲಿಲ್ಲ. ಯಂತ್ರದ ಓಡುವ ಪಟ್ಟಿಯ ಮೇಲೆ ಕೋಳಿತೊಡೆಗಳು ಹರಿದು ಬರುತ್ತಲೇ ಇದ್ದವು. ಹಿಡಿ, ಚಾಕು ಇಳಿಸು, ಮೂಳೆ ತಿರುವಿ ಕೀಳು, ಬಿಸಾಡು. ಹಿಡಿ, ಚಾಕು ಇಳಿಸು.

"ಪಕ್ಕದಾಗೆ ಆಳಿಲ್ಲ ಸಾರ್. ಇಬ್ಬರ ಮಾಲು ನಾನೊಬ್ಳೇ ಕುಯ್ತಾ ಇವ್ನಿ. ಒಂದ್ ಗಳಿಗೆ ಬುಟ್ರೆ ಹೋಗ್ಬುಟ್ ಬತ್ತೀನಿ."

"ಹೋಗು. ಹೋದೋಳು ಹಂಗೇ ಮನೇಗೆ ಹೋಗು. ಇಲ್ಲಾಂದ್ರೆ ಎಲ್ಲರಂಗೆ ಡೈಪರ್ ಕಟ್ಕೊಂಡ್ ಬಾ."

ಅವನು ಅತ್ತ ಹೋದ. ಸ್ವಲ್ಪ ಹೊತ್ತಿಗೆ ಒಜೆಲ್ಲಾಳ ತೊಡೆಯ ಒಳಗೆ ಬಿಸಿಯಾಗಿ ಇಳಿಯಿತು, ರಬ್ಬರ್ ಬೂಟಿನವರೆಗೂ. ಮಂಜಿನ ಪೆಟ್ಟಿಗೆಯಂಥ ಆ ಕೋಣೆಯಲ್ಲಿ ಬೆಚ್ಚಗಿದ್ದದ್ದು ಅದೊಂದೇ. ಅವಳು ಚಾಕು ನಿಲ್ಲಿಸಲಿಲ್ಲ.

ಪಕ್ಕದಲ್ಲಿ ಗ್ಲೋರಿಯಾ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ಒಜೆಲ್ಲಾಳ ಪಾಲಿನ ಮಾಲನ್ನೂ ತನ್ನ ಕಡೆಗೆ ಎಳೆದುಕೊಂಡು, ಗದ್ದವೆತ್ತಿ ಹೋಗೆಂದು ಸನ್ನೆ ಮಾಡುತ್ತಿದ್ದಳು. ಗ್ವಾಟೆಮಾಲಾದ ಯಾವುದೋ ಬೆಟ್ಟದ ಹೆಂಗಸು. ಇವಳ ಮಾತು ಅವಳಿಗೆ ಬಾರದು, ಅವಳದು ಇವಳಿಗೆ ಬಾರದು. ಊಟದ ಬಿಡುವಿನಲ್ಲಿ ಇಬ್ಬರೂ ಗೋಡೆಗೊರಗಿ ಕೂರುತ್ತಿದ್ದರು. ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ ಅವಳದು, ಬೇಯಿಸಿದ ಕಡಲೆಕಾಯಿ ಇವಳದು. ತಿಂದಾದ ಮೇಲೆ ಗ್ಲೋರಿಯಾ ಒಜೆಲ್ಲಾಳ ಬಲಗೈಯನ್ನು ತನ್ನ ಮಡಿಲಿಗೆ ಎಳೆದುಕೊಳ್ಳುತ್ತಿದ್ದಳು. ಚಾಕು ಹಿಡಿದು ಹಿಡಿದು ಸುರುಟಿಹೋದ ಬೆರಳುಗಳನ್ನು ಒಂದೊಂದಾಗಿ ನೀವಿ ಬಿಡಿಸುತ್ತಿದ್ದಳು. ಗಂಡ ಸತ್ತ ಮೇಲೆ ಒಜೆಲ್ಲಾಳ ಕೈಯನ್ನು ಯಾರಾದರೂ ಮುಟ್ಟಿದ್ದೆಂದರೆ ಅವಳೊಬ್ಬಳೇ.

ಮೊನ್ನೆ ಒಂದು ಬೆಳಿಗ್ಗೆ ಕಾರ್ಖಾನೆಯ ಅಂಗಳಕ್ಕೆ ವಲಸೆ ಪೊಲೀಸರ ಬಿಳಿ ವ್ಯಾನುಗಳು ಬಂದಿದ್ದವು. ಸರಿಯಾದ ಕಾಗದಪತ್ರ ಇಲ್ಲದವರನ್ನು ಬೇರೆ ನಿಲ್ಲಿಸಿ, ಕೈ ಬಿಗಿದು ತುಂಬಿಕೊಂಡು ಹೋದರು. ಅವರನ್ನೆಲ್ಲ ಗಡಿಯಿಂದ ಬಸ್ಸು ಮಾಡಿ ಕರೆತಂದಿದ್ದ ಕಂಪನಿಯ ಮ್ಯಾನೇಜರು ಬಾಗಿಲಲ್ಲಿ ಕೈಕಟ್ಟಿಕೊಂಡು ನೋಡುತ್ತಿದ್ದ.

"ಗ್ಲೋರಿಯಾನ ಎಲ್ಲಿಗ್ ಒಯ್ದ್ರು ಸಾರ್?" ಎಂದು ಅವತ್ತೇ ಒಜೆಲ್ಲಾ ಕೇಳಿದ್ದಳು.

"ಗ್ಲೋರಿಯಾನೂ ಇಲ್ಲ, ಗಿಲೋರಿಯಾನೂ ಇಲ್ಲ," ಎಂದಿದ್ದ ಗ್ಯಾರೆಟ್. "ಯಾವಳ್ದೋ ಹೆಸರಿನ ಕಾಗದ ಕೊಂಡ್ಕೊಂಡು ಬಂದಿದ್ಲು ಆ ಬೋಸುಡಿ. ನೀನು ಕುಯ್ಯಿ."

*

ಗವರ್ನರ್ ಕುರ್ಚಿಗಾಗಿ ಒಂದೇ ಪಕ್ಷದ ಇಬ್ಬರು ಬಡಿದಾಡುತ್ತಿದ್ದ ಕಾಲ ಅದು. ನಮ್ಮ ರಾಜ್ಯದಲ್ಲಿ ಆ ಪಕ್ಷದಿಂದ ಯಾರು ನಿಲ್ಲುತ್ತಾರೋ ಅವರೇ ನವೆಂಬರಿನಲ್ಲಿ ಗೆಲ್ಲುವುದು. ಹಾಗಾಗಿ ನಿಜವಾದ ಕಾಳಗವೆಲ್ಲ ಮೇ ತಿಂಗಳಿನ ಈ ಒಳಚುನಾವಣೆಯದೇ, ಪ್ರೈಮರಿಯದೇ. ರಸ್ತೆಬದಿಯ ಪೈನ್ ಮರಗಳ ಕೆಳಗೆಲ್ಲ ಇಬ್ಬರ ಫಲಕಗಳು. ಒಂದು ಕಡೆ ಡಾಲ್ಟನ್ ಮೆಕ್ರೀ, ಇನ್ನೊಂದು ಕಡೆ ಮೆರಿಡಿತ್ ಕೋಲ್ಬರ್ನ್.

"ನಾಳೆ ಮೆಕ್ರೀ ಸಾಹೇಬ್ರು ಬತ್ತಾವ್ರೆ," ಎಂದು ಗ್ಯಾರೆಟ್ ಸಾರಿದ. "ವೇದಿಕೆ ಮ್ಯಾಲೆ ಕರ್ರಗಿರೋರು ಇಬ್ರು ಮೂವರು ಬೇಕಂತೆ. ಮುದ್ಕಿ, ನೀನೂ ಬಾ. ತಲೆ ಬಾಚ್ಕೋ. ಹಲ್ಲು ತೋರ್ಸು, ನಾಲಗೆ ತೋರಿಸ್ಬ್ಯಾಡ."

ಮೆಕ್ರೀ ಬಂದ. ಒಂದು ಹನಿ ರಕ್ತವೂ ತಾಗದ ಬಿಳಿ ಮೇಲಂಗಿ ತೊಟ್ಟು, ಕ್ಯಾಮರಾಗಳ ನಡುವೆ ಸಾಲಿನಲ್ಲಿ ಅಡ್ಡಾಡಿದ. ಅವನು ಇರುವಷ್ಟು ಹೊತ್ತು ಪಟ್ಟಿಯನ್ನು ನಿಧಾನಕ್ಕೆ ಓಡಿಸಿದರು. ಆಮೇಲೆ ಲಾರಿ ನಿಲ್ಲುವ ಅಂಗಳದಲ್ಲಿ ವೇದಿಕೆ. ಒಜೆಲ್ಲಾಳನ್ನು ಅವನ ಬಲಕ್ಕೇ ನಿಲ್ಲಿಸಿದರು.

"ನಿಮ್ಮ ಬಾಯಿಗೆ ಬಂದ ತುತ್ತನ್ನ ಕಸಿಯೋಕೆ ಬಂದಿದ್ದ ಹೊರಗಿನವರು ಹೋದ್ರು!" ಎಂದು ಮೆಕ್ರೀ ಕೂಗಿದ. "ಇನ್ನು ಈ ಕೆಲಸ ಯಾರದ್ದು? ನಮ್ಮವರದ್ದು. ಈ ನಮ್ಮ ಆಂಟೀದು!"

ಆಂಟಿ. ಅವಳ ಅಮ್ಮನನ್ನು ಬಿಳಿಯರ ಮನೆಯ ಮಕ್ಕಳು ಹಾಗೇ ಕರೆಯುತ್ತಿದ್ದರು, ಹೆಸರು ಕೇಳುವ ಗೋಜಿಗೆ ಹೋಗದೆ.

ಅವನು ಅವಳ ಬಲಗೈಯ ಮಣಿಕಟ್ಟನ್ನು ಹಿಡಿದು ಗಕ್ಕನೆ ಮೇಲೆತ್ತಿದ. ಕ್ಯಾಮರಾಗಳು ಮಿಂಚಿದವು.

"ಬೆರಳು ಬಿಡಿಸಿ, ಜನಕ್ಕೆ ಕೈ ಬೀಸಿ," ಎಂದು ನಗು ಕೆಡಿಸಿಕೊಳ್ಳದೆ ಪಿಸುಗುಟ್ಟಿದ.

"ಬಿಚ್ಕೊಳಾಕಿಲ್ಲ ಸಾರ್."

"ಬಿಡಿಸಿ ಅಂದೆ."

ನೀವಿ ಬಿಡಿಸುವವಳು ಹೋದಾಗಿನಿಂದ ಆ ಬೆರಳುಗಳು ಅಂಗೈಯೊಳಗೇ ಹೂತುಹೋಗಿದ್ದವು. ಮುದುಕಿಯ ಕೈ ಆಕಾಶದಲ್ಲಿ ಮುಷ್ಟಿಯಾಗಿ ನಿಂತಿತು. ನಮ್ಮ ಕಡೆ ಕರಿಯರು ಮುಷ್ಟಿ ಎತ್ತಿದರೆ ಅದಕ್ಕೆ ಹಳೆಯ ಅರ್ಥವೊಂದಿದೆ: ಬಿಳಿಯರ ದಬ್ಬಾಳಿಕೆಗೆ ಇನ್ನು ಬಗ್ಗುವುದಿಲ್ಲ ಎಂದು. ಅದು ಮೆಕ್ರೀಗೂ ಗೊತ್ತು, ಅಂಗಳದಲ್ಲಿ ನಿಂತವರಿಗೂ ಗೊತ್ತು. ಹಿಂದಿನ ಸಾಲಿನಲ್ಲಿ ಯಾರೋ "ಹೋ!" ಎಂದು ಕೂಗಿ ತಾನೂ ಮುಷ್ಟಿ ಎತ್ತಿದ. ಇನ್ನೊಬ್ಬ ಎತ್ತಿದ. ಕೋಳಿ ತೊಳೆಯುವ ಕಡೆಯ ಹೆಂಗಸೊಬ್ಬಳು ಎತ್ತಿದಳು. ಮೆಕ್ರೀ ಕಾದ ಬಾಣಲೆ ಮುಟ್ಟಿದವನಂತೆ ಅವಳ ಕೈ ಬಿಟ್ಟುಬಿಟ್ಟ.

*

"ಮುಷ್ಟಿ ತೋರಿಸ್ತೀಯೇನೇ?" ಮ್ಯಾನೇಜರು ಕುರ್ಚಿಯಿಂದ ಏಳಲಿಲ್ಲ. ಗ್ಯಾರೆಟ್ ಅವನ ಪಕ್ಕ ನಿಂತಿದ್ದ.

"ನಾನ್ ತೋರಿಸ್ನಿಲ್ಲ ಸಾರ್. ಅವ್ರೇ ಎತ್ತಿದ್ದು. ಬೆರಳು ಬರಾಕಿಲ್ಲ ನಂಗೆ."

"ಯಾವತ್ತಿಂದ?"

"ನಿಮ್ ಚಾಕು ಹಿಡಿದಾಗ್ಲಿಂದ."

ಮ್ಯಾನೇಜರು ಗ್ಯಾರೆಟ್‌ನ ಮುಖ ನೋಡಿದ. ಗ್ಯಾರೆಟ್ ಮುಂದೆ ಬಂದ.

"ನೋಡು ಮುದ್ಕಿ. ಬೆರಳು ಆಡಾಕಿಲ್ಲ ಅಂದ್ರೆ ನೀನು ಕೆಲ್ಸಕ್ ಬಾರದೋಳು. ಆಡ್ತವೆ ಅಂದ್ರೆ ಬೇಕಂತ್ಲೇ ಮುಷ್ಟಿ ತೋರ್ಸಿದೋಳು. ಎರಡ್ರಾಗೆ ಯಾವ್ದು? ನೀನೇ ಹೇಳು."

ಒಜೆಲ್ಲಾ ತನ್ನ ಕೈಯನ್ನು ನೋಡಿಕೊಂಡಳು.

"ಎರಡ್ನೂ ಬರ್ಕೊಳಿ ಸಾರ್," ಎಂದಳು.

*

ಅವಳ ಕೆಲಸ ಹೋಯಿತು, ಎತ್ತಿದ ಮುಷ್ಟಿಯ ಚಿತ್ರ ಊರೆಲ್ಲ ಆಯಿತು. ಭಾನುವಾರ ಚರ್ಚಿನಲ್ಲಿ ಜನ ಅವಳ ಬೆನ್ನು ತಟ್ಟಿದರು. "ಭೇಷ್ ಕಣವ್ವ ಒಜೆಲ್ಲಾ! ನಮ್ಮೋರ ಮಾನ ಉಳಿಸ್ದೆ," ಎಂದರು. ಆಮೇಲೆ ತಮ್ಮ ತಮ್ಮ ಕಾರು ಹತ್ತಿದರು. ಅವಳ ಬಾಗಿಲಿಗೆ ಮಾತ್ರ ಯಾರೂ ಬರಲಿಲ್ಲ. ಒಬ್ಬರ ಮಗಳು ಕಾರ್ಖಾನೆಯಲ್ಲಿ, ಇನ್ನೊಬ್ಬರ ಅಳಿಯ ಕಾರ್ಖಾನೆಯಲ್ಲಿ. ಅವಳ ಮನೆಯ ಮುಂದೆ ತಮ್ಮ ಕಾರು ನಿಂತದ್ದನ್ನು ಯಾರಾದರೂ ಕಂಡರೆ?

ಅವಳದು ಗಾಲಿಯ ಮೇಲಿನ ತಗಡಿನ ಮನೆ. ಗಾಲಿಗಳು ಮಣ್ಣಿನಲ್ಲಿ ಹೂತು ಎಷ್ಟೋ ವರ್ಷವಾಗಿತ್ತು. ಮಜ್ಜಿಗೆಯಲ್ಲಿ ಜೋಳದ ಬ್ರೆಡ್ಡು ನೆನೆಸಿ ಎಡಗೈಯಲ್ಲಿ ತಿನ್ನುತ್ತಿದ್ದಳು. ಟಿವಿಯಲ್ಲಿ ತನ್ನದೇ ಮುಷ್ಟಿ ಬಂದರೆ ಆರಿಸುತ್ತಿದ್ದಳು. ಆರಿಸಿದರೆ ಮನೆ ತೀರಾ ಸುಮ್ಮನಾಗುತ್ತಿತ್ತು. ಮತ್ತೆ ಹಾಕುತ್ತಿದ್ದಳು. ದಿನವಿಡೀ ಒಂದು ಮಾತೂ ಆಡಿಲ್ಲವೆಂದು ಹೊಳೆದಾಗ, ಗಂಟಲಿದೆಯೋ ಇಲ್ಲವೋ ಎಂದು ನೋಡಿಕೊಳ್ಳುವವಳಂತೆ ಒಮ್ಮೆ ಕೆಮ್ಮುತ್ತಿದ್ದಳು.

ಹಾಗಾಗಿ ಮೆರಿಡಿತ್ ಕೋಲ್ಬರ್ನ್‌ಳ ಕಡೆಯವರು ಫೋನು ಮಾಡಿ, ಅಮ್ಮಾವ್ರೇ ಖುದ್ದಾಗಿ ಮನೆಗೆ ಬರುತ್ತಾರೆ ಎಂದಾಗ ಅವಳಿಗೆ ಸಂತೋಷವೇ ಆಯಿತು. ನೆಲ ಒರೆಸಿದಳು. ಚರ್ಚಿಗೆ ಹೋಗುವ ನೀಲಿ ಬಟ್ಟೆ ತೊಟ್ಟಳು. ಸಕ್ಕರೆ ಹಾಕಿ ತಣ್ಣನೆಯ ಟೀ ಮಾಡಿ, ಲೋಟಗಳನ್ನೆಲ್ಲ ಹೊರಗೆ ತಂದಿಟ್ಟಳು.

ಮೂರು ಕಾರು ಬಂದವು. ಮೆರಿಡಿತ್ ಬಂದವಳೇ ಅವಳನ್ನು ತಬ್ಬಿಕೊಂಡಳು. "ಒಜೆಲ್ಲಾ ಅಮ್ಮಾ, ನಿಮ್ಮ ಧೈರ್ಯ ನೋಡಿ ನನ್ನ ಕಣ್ಣಲ್ಲಿ ನೀರು ಬಂತು."

"ಕುಂತ್ಕೊಳಿ. ಟೀ ಕುಡೀರಿ."

ಟೀ ಯಾರೂ ಮುಟ್ಟಲಿಲ್ಲ. ಪ್ರಚಾರದ ಚಿತ್ರೀಕರಣಕ್ಕೆ ಒಳಗೆ ಬೆಳಕು ಸಾಲದೆಂದು ಸೋಫಾವನ್ನು ಎತ್ತಿ ಅಂಗಳಕ್ಕೆ ತಂದರು. ಕಿಟಕಿಯ ಹೊಸ ಪರದೆ ಬಿಚ್ಚಿದರು. ಜೊತೆಗಿದ್ದ ತೆಳ್ಳನೆಯ ಸಹಾಯಕಿ ಒಜೆಲ್ಲಾಳನ್ನು ಮೇಲಿಂದ ಕೆಳಗೆ ನೋಡಿದಳು.

"ಈ ಚೆಂದದ ಬಟ್ಟೆ ಬೇಡಮ್ಮ. ಕೆಲಸಕ್ಕೆ ಹಾಕ್ಕೊಳ್ತಿದ್ರಲ್ಲ, ಅದಿಲ್ವಾ? ಒಂಚೂರು ಕೊಳೆ ಆಗಿರೋದು?"

ಒಜೆಲ್ಲಾ ಒಳಗೆ ಹೋಗಿ ಹಳೆಯ ಅಂಗಿ ತೊಟ್ಟು ಬಂದಳು. ಸೋಫಾದಲ್ಲಿ ಕೂತಳು. ಹೇಳಬೇಕಾದ ಮಾತನ್ನು ಸಹಾಯಕಿ ಹೇಳಿಕೊಟ್ಟಳು: "ಮೆಕ್ರೀ ಗೆಳೆಯರು ನನ್ನ ಕೈ ಮುರಿದರು. ಮೆರಿಡಿತ್ ನನ್ನ ಕೈ ಹಿಡಿದರು. ಇಷ್ಟೇ. ಆಮೇಲೆ ಮುಷ್ಟಿ ಎತ್ತಿ."

"ಹೇಳ್ತೀನಿ," ಎಂದಳು ಒಜೆಲ್ಲಾ. "ನಂದೊಂದು ಕೆಲ್ಸ ಆಗ್ಬೇಕಲ್ಲ ತಾಯಿ. ನನ್ ಪಕ್ಕ ಕುಯ್ತಿದ್ದೋಳ್ನ ವ್ಯಾನಲ್ಲಿ ಒಯ್ದವ್ರೆ. ಎಲ್ಲಿ ಮಡಗವ್ರೆ ಅಂತ ಒಂದ್ ಮಾತು ಕೇಳ್ಕೊಡಿ. ದೊಡ್ಡೋರು ನೀವು."

ಸಹಾಯಕಿ ಫೋನು ತೆಗೆದಳು. "ಪೂರ್ತಿ ಹೆಸರು?"

"ಗ್ಲೋರಿಯಾ ಅಂತಿದ್ವಿ. ಅದು ಅವಳ್ದಲ್ವಂತೆ."

"ನಿಜವಾದ ಹೆಸರು?"

"ತಿಳೀದು."

"ಊರು?"

"ಬೆಟ್ಟದ ಸೀಮೆ."

"ಹೆಸರಿಲ್ಲ, ಊರಿಲ್ಲ," ಎಂದು ಸಹಾಯಕಿ ಫೋನು ಕೆಳಗಿಳಿಸಿದಳು. "ಏನಂತ ಹುಡುಕೋದಮ್ಮ? ಹಂಗೊಬ್ರು ಇದ್ರು ಅನ್ನೋದಕ್ಕೇ ಗುರುತಿಲ್ವಲ್ಲ."

ಮೆರಿಡಿತ್ ಒಜೆಲ್ಲಾಳ ಭುಜ ಮುಟ್ಟಿದಳು. "ಪ್ರೈಮರಿ ಮುಗೀಲಿ ಅಮ್ಮಾ. ಈಗ ಹೊರಗಿನವರ ಮಾತೆತ್ತಿದ್ರೆ ನಮ್ಮ ಪಕ್ಷದವರೇ ನನಗೆ ಓಟು ಹಾಕಲ್ಲ. ಗೆದ್ದ ಮೇಲೆ ನೋಡೋಣ. ನಿಮ್ಮ ಹೋರಾಟ ಮೊದಲು."

ಒಜೆಲ್ಲಾ ತಲೆಯಾಡಿಸಿದಳು. ದೀಪ ಹತ್ತಿತು. ಕ್ಯಾಮರಾದವನು ಕೈಸನ್ನೆ ಮಾಡಿದ.

"ನನ್ ಪಕ್ಕ ಒಬ್ಳಿದ್ಲು," ಎಂದಳು ಒಜೆಲ್ಲಾ ಕ್ಯಾಮರಾದ ಕಣ್ಣಿಗೆ ಕಣ್ಣಿಟ್ಟು. "ಹೆಸರು ಗೊತ್ತಿಲ್ಲ. ನನ್ ಭುಜಕ್ ಬತ್ತಿದ್ಲು."

"ಅಮ್ಮಾ, ಅದಲ್ಲ. ಹೇಳಿಕೊಟ್ಟದ್ದು ಹೇಳಿ."

"ಮುಂದಿನ ಹಲ್ಲೊಂದಕ್ಕೆ ಬೆಳ್ಳಿ ಕಟ್ಸಿದ್ಲು. ನಗಾಡುವಾಗ ಕೈ ಅಡ್ಡ ಇಟ್ಕೊಳೋಳು."

"ನಿಲ್ಸು, ನಿಲ್ಸು. ಅಮ್ಮಾ, ಮತ್ತೆ ಮೊದಲಿಂದ."

"ಗುರ್ತು ಇಲ್ಲ ಅಂದ್ರಲ್ಲ ನೀವು? ನಾನ್ ಹೇಳ್ತೀನಿ ಗುರ್ತ. ಕೇಳಿ. ಹುಬ್ಬಿನ್ ಮ್ಯಾಲೆ ಸುಟ್ಟ ಕಲೆ ಅದೆ. ನಡೆಯುವಾಗ ಎಡಗಾಲು ತುಸ ಎಳೀತಾಳೆ."

ದೀಪ ಆರಿತು. ಮೆರಿಡಿತ್ ಸಹಾಯಕಿಯ ಕಿವಿಯಲ್ಲಿ ಏನೋ ಹೇಳಿ, ಒಜೆಲ್ಲಾಳ ಕಡೆ ಒಂದು ನಗು ಎಸೆದು ಕಾರು ಹತ್ತಿದಳು. ಹುಡುಗರು ತಂತಿ ಸುತ್ತಿಕೊಂಡರು. ಒಜೆಲ್ಲಾ ಮಾತು ನಿಲ್ಲಿಸಲಿಲ್ಲ. ಕ್ಯಾಮರಾ ಪೆಟ್ಟಿಗೆಗೆ ಸೇರಿತು. ಅವಳು ಪೆಟ್ಟಿಗೆಗೇ ಹೇಳಿದಳು. ಕಾರುಗಳು ಒಂದರ ಹಿಂದೊಂದು ಕೆಂಪು ಧೂಳೆಬ್ಬಿಸಿ ಹೋದವು. ಸೋಫಾವನ್ನು ಒಳಗಿಡುವುದು ಯಾರಿಗೂ ನೆನಪಾಗಲಿಲ್ಲ.

ಎದುರು ಮನೆಯವಳು ಬಾಗಿಲು ತೆರೆದು ನೋಡಿದಳು. ಬರಿ ಅಂಗಳದಲ್ಲಿ ಸೋಫಾದ ಮೇಲೆ ಕೂತು ಮುದುಕಿಯೊಬ್ಬಳೇ ಮಾತಾಡುತ್ತಿದ್ದಳು. ಬಾಗಿಲು ಮುಚ್ಚಿತು. ಒಜೆಲ್ಲಾ ದನಿ ಏರಿಸಿದಳು, ರಸ್ತೆಗೆ ಕೇಳುವಷ್ಟು, ರಸ್ತೆಯಾಚೆ ಮರಗಳಿಗೆ ಕೇಳುವಷ್ಟು.

"ಬಿಸ್ಲಿಗ್ ಬಂದ್ರೆ ಕಣ್ಮುಚ್ಚಿ ಮಖ ಎತ್ತೋಳು. ಕೆಲ್ಸದಾಗೆ ಏನೋ ಹಾಡ್ಕೊಳೋಳು. ಆ ಮಿಷನ್ ಸದ್ದಿನಾಗೆ ನಂಗೇನೂ ಕೇಳ್ಸ್ತಿರ್ನಿಲ್ಲ. ತುಟಿ ಆಡೋದು ಕಾಣ್ತಿತ್ತು. ಬರೀ ತುಟಿ..."