ಸೊಂಟದ ಕತ್ತಿ

ಅಮೃತಾಳಷ್ಟು ಪುಕ್ಕಲು ಹುಡುಗಿ ಮಾದಾಪುರದ ಸುತ್ತಮುತ್ತ ಹುಡುಕಿದರೂ ಸಿಗಲಿಕ್ಕಿಲ್ಲ. ಇಪ್ಪತ್ನಾಲ್ಕು ತುಂಬಿದರೂ ನಾಯಿ ಬೊಗಳಿದರೆ ದಾರಿ ಬದಲಿಸುತ್ತಿದ್ದಳು. ಬಸ್ಸಿನಲ್ಲಿ ತನ್ನ ಸ್ಟಾಪು ಬಂದರೂ ‘ನಿಲ್ಸಿ’ ಎನ್ನಲು ಬಾಯಿ ಬಾರದೆ ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದು ಬರುತ್ತಿದ್ದಳು. ಅಂಥವಳು ಆ ಶುಕ್ರವಾರ ಬೆಳಿಗ್ಗೆ ಕಾಫಿ ಎಸ್ಟೇಟಿನ ಲೈನ್ ಮನೆಗಳ, ಅಂದರೆ ಆಳುಗಳ ಸಾಲುಮನೆಗಳ ಮುಂದೆ ಇಪ್ಪತ್ತು ಜನರೊಂದಿಗೆ ಜೆಸಿಬಿಗೆ ಎದುರಾಗಿ ಕೂತಿದ್ದಳು ಎಂದರೆ, ಅದು ಧೈರ್ಯದಿಂದಲ್ಲ. ಅಲ್ಲಿನವರಿಗೆ ಮಾತು ಕೊಟ್ಟು ಸಿಕ್ಕಿಹಾಕಿಕೊಂಡಿದ್ದಳು, ಅಷ್ಟೆ.

ಎಸ್ಟೇಟು ಹಿಂದಿನ ವರ್ಷ ಕೈಬದಲಾಗಿತ್ತು. ಹೊಸ ಮಾಲೀಕರಿಗೆ ಲೈನ್ ಇದ್ದ ಜಾಗದಲ್ಲಿ ರೆಸಾರ್ಟು ಬೇಕು. ಅಲ್ಲಿನ ಒಂಬತ್ತು ಎರವ ಆದಿವಾಸಿ ಕುಟುಂಬಗಳು ಮೂರು ತಲೆಮಾರಿನಿಂದ ಅದೇ ತೋಟದಲ್ಲಿ ದುಡಿಯುತ್ತಿದ್ದವು. ಅಮೃತಾಳ ಅಪ್ಪ ಪರಮೇಶಪ್ಪ ಅಲ್ಲಿ ಮೂವತ್ತು ವರ್ಷದಿಂದ ರೈಟರ್; ಹಾಜರಿ ಹಾಕುವವರೂ ಅವರೇ, ಸ್ಟೋರಿನ ಬೀಗದ ಕೈ ಇಟ್ಟುಕೊಂಡವರೂ ಅವರೇ. ಅವಳು ಬೆಳೆದದ್ದು ರೈಟರ್ ಕ್ವಾರ್ಟರ್ಸಿನಲ್ಲಾದರೂ, ಆಡಿದ್ದೆಲ್ಲ ಲೈನಿನ ಚೋಮಿಯ ಹೊಸ್ತಿಲಲ್ಲಿ. ಓದು ಮುಗಿಸಿ ಬಂದು ನಾಲ್ಕು ತಿಂಗಳು ತೋಟದ ಆಳುಗಳ ಪರ ನಿಲ್ಲುವ ಮಡಿಕೇರಿಯ ಒಂದು ಚಿಕ್ಕ ಸಂಘಕ್ಕೆ ಅರ್ಜಿ ಬರೆದುಕೊಟ್ಟಳು. ಆದರೆ ಅವಳಮ್ಮ ಸುಮಿತ್ರಮ್ಮ ಸೋಮವಾರಪೇಟೆಯ ಶಾಲೆಯೊಂದರಲ್ಲಿ ಟೀಚರ್ ಕೆಲಸ ಗೊತ್ತುಮಾಡಿದ್ದರು. ಸೋಮವಾರ ಸೇರಬೇಕು. ಲೈನಿನ ಈ ವಿಷಯವೊಂದು ಮುಗಿಸಿ ಸಂಘ ಬಿಟ್ಟುಬಿಡುತ್ತೇನೆ ಎಂದು ಅಮ್ಮನ ಮುಂದೆ ಆಣೆ ಮಾಡಿದ್ದಳು.

ಅವಳ ಅರ್ಜಿ ನೋಡಿದ ತಹಶೀಲ್ದಾರರು ಆ ಶುಕ್ರವಾರ ಹನ್ನೊಂದಕ್ಕೆ ಬಂದು ಸ್ಥಳ ನೋಡುತ್ತೇನೆ ಎಂದಿದ್ದರು. ಅದರ ವಾಸನೆ ಹಿಡಿದ ಮ್ಯಾನೇಜರ್ ಒಂಬತ್ತಕ್ಕೇ ಜೆಸಿಬಿ ತರಿಸಿದ. ಎರಡು ಗಂಟೆ ತಡೆದರೆ ಮನೆ ಉಳಿದೀತು. ಆದರೆ ಅಷ್ಟರಲ್ಲಿ ಒಬ್ಬರ ಕೈ ಎದ್ದರೂ ಪೊಲೀಸ್ ಕೇಸು, ಕೇಸಾದರೆ ಮನೆ ಹೋದಂತೆಯೇ. ಹೀಗಾದೀತೆಂದು ಹಿಂದಿನ ದಿನವೇ ಅವಳು ಎಲ್ಲರಿಗೂ ಹೇಳಿದ್ದಳು: ಕೋಲು ಬೇಡ, ಕಲ್ಲು ಬೇಡ, ಬೈದರೆ ತಿರುಗಿ ಬೈಯಬೇಡಿ, ಸುಮ್ಮನೆ ಕೂತಿರಿ. ಎಲ್ಲರ ಪರವಾಗಿ ಚೋಮಿಯಜ್ಜಿ ಹೂಂ ಎಂದಿದ್ದಳು.

ಕೂತರು. ಜೆಸಿಬಿ ಹತ್ತು ಮಾರು ದೂರದಲ್ಲಿ ಗುರುಗುಡುತ್ತಿತ್ತು. ಅದರ ಪಕ್ಕದಲ್ಲಿ ಅಪ್ಪ ತಲೆ ತಗ್ಗಿಸಿ ನಿಂತಿದ್ದರು. ಮಗಳು ಇತ್ತ, ಅನ್ನ ಕೊಡುವ ಎಸ್ಟೇಟು ಅತ್ತ. ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅಮೃತಾ ಮೊಬೈಲ್ ನೋಡಿದಳು. ಹತ್ತೂಕಾಲು.

ಆಗ ಮ್ಯಾನೇಜರ್ ಬೈಯುವುದನ್ನು ನಿಲ್ಲಿಸಿ, ಫೋನ್ ಹಿಡಿದು ಕೂತವರ ಬೆನ್ನ ಹಿಂದಕ್ಕೆ ಹೋದ. ಕುಕ್ಕರಗಾಲಿನಲ್ಲಿ ಕೂತು ವಿಡಿಯೋ ಮಾಡತೊಡಗಿದ. ಇವನಿಗೆ ಬೆನ್ನಲ್ಲಿ ಏನು ಕಂಡಿತಪ್ಪಾ ಎಂದು ಅವಳು ತಿರುಗಿ ನೋಡಿದಳು.

ಇಪ್ಪತ್ತು ಸೊಂಟ. ಇಪ್ಪತ್ತು ಕತ್ತಿ.

ತೋಟದ ಆಳು ಬೆಳಿಗ್ಗೆ ಎದ್ದು ಮುಖ ತೊಳೆದರೆ ಮೊದಲು ಮಾಡುವ ಕೆಲಸ ಕತ್ತಿಯನ್ನು ಸೊಂಟದ ಹಿಂದೆ ಸಿಕ್ಕಿಸುವುದು. ಮದುವೆಗೆ ಹೋದರೂ ಅದು ಅಲ್ಲೇ ಇರುತ್ತದೆ. ಅವರಿಗೆ ಅದು ಹೊಳೆಯಲಿಲ್ಲ, ಸರಿ. ಹುಟ್ಟಿದಾಗಿನಿಂದ ಆ ಕತ್ತಿಗಳನ್ನೇ ನೋಡಿದ ಈ ಓದಿದ ಹುಡುಗಿಗೂ ಹೊಳೆಯಲಿಲ್ಲ. ಕಲ್ಲು ಬೇಡ ಎಂದಳು, ಕೋಲು ಬೇಡ ಎಂದಳು, ಮೊಳದುದ್ದದ ಕಬ್ಬಿಣವನ್ನು ಮರೆತಳು.

‘ಶಸ್ತ್ರ ಹಿಡಿದು ಕೂತಿದ್ದಾರೆ ಅಂತ ಸ್ಟೇಷನ್ನಿಗೆ ಕಳಿಸ್ತೀನಿ’ ಎಂದ ಮ್ಯಾನೇಜರ್ ನಗುತ್ತ.

ಬಿಚ್ಚಿಡಿ ಎನ್ನೋಣವೆಂದರೆ, ಬಿಚ್ಚಲು ಕತ್ತಿಗೆ ಕೈ ಹಾಕಲೇಬೇಕು. ಇಪ್ಪತ್ತು ಜನ ಒಟ್ಟಿಗೆ ಕತ್ತಿ ಹಿರಿಯುವ ವಿಡಿಯೋ! ಅವನಿಗೆ ಬೇಕಾದದ್ದೂ ಅದೇ. ಓಡಿಹೋಗಬೇಕೆನಿಸಿತು ಅವಳಿಗೆ. ನಿಜವಾಗಿ ಓಡುತ್ತಿದ್ದಳೇನೋ, ಆದರೆ ಚೋಮಿಯಜ್ಜಿಯ ಕೈ ಆಗಲೇ ಸೊಂಟದತ್ತ ಹೋಗುತ್ತಿತ್ತು.

‘ಯಾರೂ ಮುಟ್ಬೇಡಿ. ಎಲ್ರೂ ಕೈ ತಲೆ ಮೇಲಿಟ್ಕೊಳ್ಳಿ. ನಾನೇ ತೆಗಿತೀನಿ.’

ತನ್ನ ದನಿ ತನಗೇ ಗುರುತು ಸಿಗಲಿಲ್ಲ. ವೇಲನ್ನು ನೆಲಕ್ಕೆ ಹಾಸಿ, ಒಬ್ಬೊಬ್ಬರ ಹಿಂದೆ ಮಂಡಿಯೂರಿ, ಒಂದೊಂದೇ ಕತ್ತಿ ಎಳೆದಳು. ಫೋನು ಅವಳ ಮುಖಕ್ಕೆ ಬಂತು. ಕೇಸಾದರೆ ಇನ್ನು ತನ್ನೊಬ್ಬಳ ಮೇಲೆ ಎಂದು ಅವಳಿಗೆ ಗೊತ್ತಿತ್ತು. ಟೀಚರ್ ಕೆಲಸ, ಅಮ್ಮನ ಮುಖ, ಜೈಲಿನ ಬಾಗಿಲು, ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದವು. ಮೂರನೆಯದಕ್ಕೇ ಬೆರಳು ಕೊಯ್ದುಕೊಂಡಳು. ಚೋಮಿಯಜ್ಜಿಯದು ಕೊನೆಯದು. ‘ಅದಿಲ್ದಿದ್ರೆ ಸೊಂಟವೇ ಇಲ್ದಂಗೆ ಮಗಾ’ ಎಂದಳು ಮುದುಕಿ. ಆದರೂ ತಲೆಯ ಮೇಲಿನ ಕೈ ಇಳಿಸಲಿಲ್ಲ.

ವೇಲಿನ ಗಂಟು ಭಾರವಾಗಿತ್ತು. ಎಲ್ಲಿಡುವುದು? ನೆಲಕ್ಕಿಟ್ಟರೆ ರಾಶಿ ಶಸ್ತ್ರ. ಕೈಯಲ್ಲಿಟ್ಟುಕೊಂಡರೆ ಇನ್ನೂ ಕೆಟ್ಟದ್ದು. ಅವಳು ನೇರ ಜೆಸಿಬಿಯತ್ತ, ಅಪ್ಪನತ್ತ ನಡೆದಳು. ಪ್ರತಿವರ್ಷ ಮರದ ಕೊಂಬೆ ಕಡಿಯುವ ಕೆಲಸ ಮುಗಿದ ದಿನ ಆಳುಗಳು ಸ್ಟೋರಿನ ಮುಂದೆ ಸಾಲುನಿಂತು ಎಸ್ಟೇಟು ಕೊಟ್ಟ ಕತ್ತಿಗಳನ್ನು ರೈಟರಿಗೆ ತೋರಿಸಿ ಲೆಕ್ಕ ಒಪ್ಪಿಸುತ್ತಿದ್ದರು. ಅವಳು ಚಿಕ್ಕಂದಿನಿಂದ ನೋಡಿದ್ದು ಅದನ್ನೇ.

‘ಅಪ್ಪಾಜಿ, ಕತ್ತಿ ಒಪ್ಪಿಸ್ಕೊಳ್ಳಿ.’

ಪರಮೇಶಪ್ಪ ಮಗಳ ಬೆರಳಿನ ರಕ್ತ ನೋಡಿದರು. ಮ್ಯಾನೇಜರ್ ಬೇಡವೆಂದು ತಲೆಯಾಡಿಸಿದ. ಅಪ್ಪ ಈಗ ಮುಖ ತಿರುಗಿಸಿದರೆ ಎಲ್ಲ ಮುಗಿಯಿತು ಎಂದು ಅವಳು ಗಂಟನ್ನು ಇನ್ನಷ್ಟು ಮುಂದೆ ಚಾಚಿದಳು. ಅಪ್ಪ ಗಂಟು ಇಸಕೊಂಡರು. ಹಿಡಿ ನೋಡಿಯೇ ಕತ್ತಿ ಯಾರದೆಂದು ಹೇಳಬಲ್ಲ ಮನುಷ್ಯ. ಹಾಜರಿ ಕೂಗುವ ದನಿಯಲ್ಲಿ ಕೂಗಿದರು: ‘ಚೋಮಿ.’

‘ಬಂತು ರೈಟ್ರೇ.’

‘ಕಮಲ.’

‘ಬಂತು.’

ಇಪ್ಪತ್ತು ಹೆಸರೂ ಆದವು. ಆಮೇಲೆ ಅವರು ತಮ್ಮದೇ ಸೊಂಟದ ಕತ್ತಿ ತೆಗೆದು ಗಂಟಿನ ಮೇಲಿಟ್ಟು, ಸ್ವಂತ ಹೆಸರನ್ನೂ ಕೂಗಿದರು. ಫೋನಿನತ್ತ ತಿರುಗಿ, ಎಸ್ಟೇಟಿನ ಸಾಮಾನೆಲ್ಲ ವಾಪಸ್ ಬಂದಿದೆ, ಲೈನಿನವರ ಹತ್ತಿರ ಏನೂ ಇಲ್ಲ, ಇದನ್ನೂ ಕಳಿಸಿ ಎಂದರು. ಜೆಸಿಬಿಯ ಡ್ರೈವರ್ ಇಂಜಿನ್ ಆಫ್ ಮಾಡಿ ಬೀಡಿ ಹಚ್ಚಿದ.

ತಹಶೀಲ್ದಾರರ ಜೀಪು ಬಂದಾಗ ಹನ್ನೊಂದೂವರೆ. ಸೋಮವಾರ ಆಫೀಸಿನಲ್ಲಿ ವಿಚಾರಣೆ, ಅಲ್ಲಿಯವರೆಗೆ ಒಂದು ಹೆಂಚೂ ಅಲುಗಬಾರದು ಎಂದು ಬರೆದುಕೊಟ್ಟು ಹೋದರು. ಅವರು ಅತ್ತ ಹೋದದ್ದೇ ಮ್ಯಾನೇಜರ್ ಅಪ್ಪನ ಕೈಯಿಂದ ಸ್ಟೋರಿನ ಬೀಗದ ಕೈ ಕಿತ್ತುಕೊಂಡ.

ಅಮೃತಾ ಮೂಲೆಯಲ್ಲಿ ಕೂತು ವಾಂತಿ ಮಾಡಿದಳು. ಚೋಮಿಯಜ್ಜಿ ಬೆನ್ನು ನೀವುತ್ತ, ಸೋಮವಾರ ನೀನೂ ಬರುತ್ತೀಯಲ್ಲವಾ ಎಂದು ಕೇಳಿದಳು. ಶಾಲೆ ಎನ್ನಬೇಕೆಂದಿದ್ದ ಅಮೃತಾಳ ಬಾಯಿಂದ ಬಂದದ್ದು ‘ಬರ್ತೀನಿ’ ಎಂಬ ಮಾತು. ಸೋಮವಾರ ಮಾತ್ರವಲ್ಲ, ಅದರ ಮುಂದಿನ ಸೋಮವಾರವೂ ಎಂದು ಅವಳಿಗೆ ಆಗಲೇ ತಿಳಿಯಿತು, ತಿಳಿದು ಮತ್ತಷ್ಟು ಹೆದರಿಕೆಯಾಯಿತು.

ಅಪ್ಪನೂ ಮಗಳೂ ಮನೆ ಕಡೆ ಹೊರಟರು. ಕ್ವಾರ್ಟರ್ಸಿನ ಹೆಂಚು ಕಾಣತೊಡಗಿದಾಗ ಅಪ್ಪ ನಿಂತರು.

‘ಈ ಮನೆನೂ ಎಸ್ಟೇಟಿಂದೇ ಅಲ್ವಾ ಮಗಳೇ. ಸೋಮವಾರಕ್ಕೆ ಅರ್ಜಿ ಬರಿವಾಗ ಒಂಬತ್ತಲ್ಲ, ಹತ್ತು ಮನೆ ಅಂತ ಬರಿ.’